ಶನಿವಾರದ ಬಲೆ

ಮುತ್ತತ್ತಿಯ ಕಾವೇರಿ ದಡದಲ್ಲಿ ಊಟಕ್ಕೆ ಕುಳಿತಿದ್ದ ಗುತ್ತಿಗೆದಾರರೊಬ್ಬರು ಹೇಳಿದರು: “ಒಳ್ಳೆಯ ಆಡಿಟರ್ ಸಿಕ್ಕರೆ ತೆರಿಗೆ ಉಳಿತಾಯ, ಸಿಗದಿದ್ದರೆ ತೆರಿಗೆ ವಂಚನೆ!” ಎಲ್ಲರೂ ನಕ್ಕರು, ನಾನೂ ನಕ್ಕೆ.

ಅವರ ಹೊರೆ ನಿಜ. 2022ರ ಜುಲೈಯಲ್ಲಿ ಬಹುಪಾಲು ಸರಕಾರಿ ಕಾಮಗಾರಿಗಳ ಜಿಎಸ್‌ಟಿ ಶೇ. 12ರಿಂದ 18ಕ್ಕೇರಿತು. ಕಾನೂನು ಕೊಟ್ಟ ವಿನಾಯಿತಿಯನ್ನು ಪಡೆಯುವುದು ಹಕ್ಕು. ಆದರೆ ಕೊಳ್ಳದ ಸಿಮೆಂಟಿಗೆ ನಕಲಿ ಬಿಲ್ ತರುವುದು ಸುಳ್ಳುಸಾಕ್ಷ್ಯ. ಅವರ ಬಿಲ್ ಪಾವತಿಯಾಗುವುದೂ ಜನರ ತೆರಿಗೆಯಿಂದಲೇ ಅಲ್ಲವೇ?

ಕುರ್‌ಆನಿನ 7ನೇ ಅಧ್ಯಾಯದಲ್ಲಿ ಕಡಲತೀರದ ಸಬ್ಬತ್ ಜನರ ಪ್ರಸಂಗವಿದೆ. ಶನಿವಾರ ಮೀನು ಹಿಡಿಯುವುದು ಅವರಿಗೆ ನಿಷಿದ್ಧವಾಗಿತ್ತು. ಮುನ್ನಾದಿನ ಬಲೆಯೊಡ್ಡಿ ಮರುದಿನ ಎತ್ತಿದರೆಂದು ವ್ಯಾಖ್ಯಾನಕಾರರು ವಿವರಿಸುತ್ತಾರೆ. ಲೆಕ್ಕದಲ್ಲಿ ಶನಿವಾರ ಶುದ್ಧವಾಗಿತ್ತು. ಆದರೂ ಅಲ್ಲಾಹನ ಶಿಕ್ಷೆ ಬಂತು.

“ತೆರಿಗೆಯ ಹಣ ಲಂಚಕೋರರ ಪಾಲಾಗುತ್ತದೆ” ಎನ್ನುವವರಿದ್ದಾರೆ. ಅನ್ಯರ ಕಳವು ನಮ್ಮ ಸುಳ್ಳನ್ನು ಹಲಾಲ್ ಮಾಡದು. ಆಡಿಟರ್ ಒಪ್ಪಿದ ಲೆಕ್ಕವನ್ನು ಮಕ್ಕಳೆದುರು ಓದಬಲ್ಲೆವೇ? ಅಲ್ಲಿ ನಾಲಗೆ ತಡವರಿಸಿದರೆ ಬಲೆ ನೀರಿನಲ್ಲಿದೆಯೆಂದೇ ಅರ್ಥ.