‘ನನಗ ಹಸಿವಿಲ್ಲ’ ಅನ್ನುವ ಸುಳ್ಳು

ಮೇ ತಿಂಗಳ ಎರಡನೇ ಭಾನುವಾರ ಹತ್ತಿರ ಬಂತೆಂದರೆ ನಮ್ಮಂಥ ವರದಿಗಾರರಿಗೆ ಡೆಸ್ಕ್‌ನಿಂದ ಒಂದು ಫೋನ್ ಬರುವುದು ಗ್ಯಾರಂಟಿ. ‘ಅಮ್ಮಂದಿರ ದಿನಕ್ಕೆ ಒಂದು ಸ್ಟೋರಿ ಕಳಿಸಪ್ಪ. ತಾಯಿ ಬಡವಿ ಇರಲಿ, ಮಗ ನೌಕರಿಯಲ್ಲಿರಲಿ. ಫೋಟೊದಲ್ಲಿ ಕಣ್ಣೀರಿದ್ದರೆ ಇನ್ನೂ ಒಳ್ಳೆಯದು.’ ಹತ್ತು ವರ್ಷದಲ್ಲಿ ನಾನು ಇಂಥವು ಏಳೆಂಟು ಬರೆದಿದ್ದೇನೆ. ‘ಹೊಟ್ಟೆಗೆ ತಣ್ಣೀರುಬಟ್ಟೆ ಕಟ್ಟಿ ಮಗನನ್ನು ಪಿಎಸ್ಐ ಮಾಡಿದ ತಾಯಿ’ ಎಂಬ ಹೆಡ್ಡಿಂಗ್ ನನ್ನದೇ. ಊರ ಗ್ರೂಪುಗಳಲ್ಲೆಲ್ಲ ಓಡಾಡಿತು. ನನಗೂ ಖುಷಿಯಾಗಿತ್ತು.

ಈಗ ಅದು ನೆನಪಾದರೆ ನಾಚಿಕೆ. ಆ ತಾಯಿ ಎಷ್ಟು ವರ್ಷ ಅರೆಹೊಟ್ಟೆಯಲ್ಲಿ ಮಲಗಿದಳು, ಈಗ ಅವಳ ಮೈಯಲ್ಲಿ ರಕ್ತ ಎಷ್ಟಿದೆ ಅಂತ ನಾನು ಕೇಳಲೇ ಇಲ್ಲ. ಅವಳ ಹಸಿವನ್ನು ಹೊಗಳಿ, ಫೋಟೊ ತೆಗೆದುಕೊಂಡು, ಚಹಾ ಕುಡಿದು ಬಂದೆ.

ಬೇರೆಯವರ ಮನೆ ಮಾತು ಬಿಡಿ, ನಮ್ಮನೆಯದೇ ಹೇಳುತ್ತೇನೆ. ನಮ್ಮವ್ವ ಕೂಲಿಗೆ ಹೋಗುತ್ತಿದ್ದಳು. ಕಳೆ ತೆಗೆಯುವುದು, ಶೇಂಗಾ ಹರಿಯುವುದು, ಉಳ್ಳಾಗಡ್ಡಿ ಕೀಳುವುದು. ಬೆಳಗಿನ ಜಾವ ಎದ್ದು ಹನ್ನೆರಡು ರೊಟ್ಟಿ ಬಡಿಯುತ್ತಿದ್ದಳು. ಮನೆಯಲ್ಲಿದ್ದ ಹಿಟ್ಟಿಗೆ ಅಷ್ಟೇ ಆಗುತ್ತಿದ್ದವು. ಅಪ್ಪನಿಗೆ ನಾಲ್ಕು, ನನಗೆ ಮೂರು, ತಮ್ಮನಿಗೆ ಮೂರು, ತಂಗಿಗೆ ಎರಡು. ಕೂಡಿಸಿ ನೋಡಿ. ಅವ್ವನದು ಎಲ್ಲಿದೆ?

ಇಪ್ಪತ್ತರ ಮಗ್ಗಿ ತಪ್ಪಿಲ್ಲದೆ ಹೇಳುತ್ತಿದ್ದ ಹುಡುಗ ನಾನು. ಈ ಲೆಕ್ಕ ಮಾತ್ರ ಡಿಪ್ಲೊಮಾ ಮುಗಿದರೂ ಹೊಳೆದಿರಲಿಲ್ಲ. ಕೇಳಿದರೆ ಬೆಳಗ್ಗೆ ‘ಹೊಲದಾಗ ಉಣ್ತೀನಿ’ ಅನ್ನುತ್ತಿದ್ದಳು, ಸಂಜೆ ‘ಹೊಲದಾಗ ಉಂಡ ಬಂದೀನಿ, ಹಸಿವಿಲ್ಲ’ ಅನ್ನುತ್ತಿದ್ದಳು. ಎಷ್ಟೋ ವರ್ಷದ ಮೇಲೆ, ಜೊತೆಗೆ ಕೂಲಿಗೆ ಹೋಗುತ್ತಿದ್ದ ದೊಡ್ಡವ್ವ ಮಾತಿನ ನಡುವೆ ಬಾಯಿಬಿಟ್ಟಳು: ‘ನಿಮ್ಮವ್ವ ಬುತ್ತಿ ಎಲ್ಲಿ ತರ್ತಿದ್ಲೋ? ನಾವ ಅರ್ಧ ರೊಟ್ಟಿಗೆ ಹಿಂಡಿ ಹಚ್ಚಿ ಕೊಟ್ರ ತಿಂದು, ತುಂಬಿಗಿ ತುಂಬ ನೀರ ಕುಡೀತಿದ್ಲು.’

ಹಿಟ್ಟು ಯಾಕೆ ಕಡಿಮೆ ಬೀಳುತ್ತಿತ್ತು ಅನ್ನುವುದಕ್ಕೂ ಕಾರಣವಿದೆ. ಸಮಾನ ವೇತನದ ಕಾಯ್ದೆ 1976ರಲ್ಲೇ ಬಂದಿದೆ. ನಮ್ಮ ಸೀಮೆಯ ಹೊಲಗಳಲ್ಲಿ ಮಾತ್ರ ಗಂಡಾಳಿಗೊಂದು ಕೂಲಿ, ಹೆಣ್ಣಾಳಿಗೆ ಅದಕ್ಕಿಂತ ಕಡಿಮೆ. ಅದನ್ನು ಕೇಳದೆ ‘ತಾಯಿ ತ್ಯಾಗಮಯಿ’ ಅಂತ ಸ್ಟೇಟಸ್ ಹಾಕುವುದು ಸುಲಭ.

ತಂಗಿಯ ಪಾಲಿಗೆ ಎರಡೇ ರೊಟ್ಟಿ ಅಂದೆನಲ್ಲ, ನನ್ನನ್ನು ಹೆಚ್ಚು ಕಾಡುವುದು ಅದು. ಅವ್ವ ಉಪವಾಸವಿರುವುದನ್ನು ಬರೀ ತಾನು ಮಾಡಲಿಲ್ಲ, ಮಗಳಿಗೂ ಕಲಿಸಿದಳು. ನಮಗಿಬ್ಬರು ಗಂಡು ಹುಡುಗರಿಗೆ ಕಲಿಸಲಿಲ್ಲ. ತಂಗಿ ಎರಡನೇ ಸಲ ಗರ್ಭಿಣಿಯಾದಾಗ ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 7.8. ಗರ್ಭಿಣಿಗೆ ಕನಿಷ್ಠ 11 ಇರಬೇಕು.

ಅವಳೊಬ್ಬಳದೇ ಕತೆಯಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ಅದೇ ವಯಸ್ಸಿನ ಗಂಡಸರಲ್ಲಿ ನೂರಕ್ಕೆ 25. ನಮ್ಮ ರಾಜ್ಯದಲ್ಲೂ ಹೆಚ್ಚುಕಡಿಮೆ ಅರ್ಧದಷ್ಟು ಹೆಣ್ಣುಮಕ್ಕಳು ಈ ಲೆಕ್ಕದಲ್ಲಿದ್ದಾರೆ. ತಿಂಗಳ ಮುಟ್ಟು, ಹೆರಿಗೆಯಲ್ಲಿ ಹೆಣ್ಣಿನ ರಕ್ತ ಹೆಚ್ಚು ಹೋಗುತ್ತದೆ, ನಿಜ. ಹಾಗಿದ್ದರೆ ಮನೆಯಲ್ಲಿ ಮೊದಲು ಉಣ್ಣಬೇಕಾದವಳು, ಸೊಪ್ಪು, ಕಾಳು, ಮೊಟ್ಟೆ ಹೆಚ್ಚು ತಿನ್ನಬೇಕಾದವಳು ಅವಳೇ ಅಲ್ಲವೆ? ನಮ್ಮಲ್ಲಿ ತಳದ ಸಾರು ಅವಳಿಗೆ.

ಇದು ಸರ್ಕಾರಕ್ಕೂ ಗೊತ್ತಿತ್ತು. ಗರ್ಭಿಣಿ, ಬಾಣಂತಿಯರಿಗೆ ಮೊದಲು ಮನೆಗೇ ರೇಷನ್ ಕೊಡುತ್ತಿದ್ದರು. ಅದು ಮನೆಮಂದಿಗೆಲ್ಲ ಹಂಚಿಹೋಗುತ್ತಿತ್ತು. ಅದಕ್ಕೇ 2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ‘ಮಾತೃಪೂರ್ಣ’ ಶುರುವಾಯಿತು. ಅಂಗನವಾಡಿಗೇ ಬಂದು, ಅಲ್ಲೇ ಕೂತು ಬಿಸಿಯೂಟ ಮಾಡಬೇಕು. ಅನ್ನ, ಸಾರು, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ. ಯೋಚನೆ ಒಳ್ಳೆಯದೇ. ಆದರೆ ತುಂಬು ಬಸುರಿ ಬಿಸಿಲಲ್ಲಿ ತೋಟದ ಮನೆಯಿಂದ ಅಷ್ಟು ದೂರ ನಡೆದು ಬರುತ್ತಾಳೆಯೇ, ಕೂಲಿ ಬಿಟ್ಟು ಬರುತ್ತಾಳೆಯೇ ಎಂಬ ಪ್ರಶ್ನೆ ಇದ್ದೇ ಇದೆ.

ನನ್ನ ತಂಗಿ ಹೋಗುತ್ತಿದ್ದಳು. ಒಂದು ದಿನ ನಾನು ಅವಳ ಮನೆಯಲ್ಲಿದ್ದಾಗ ಊಟ ಮುಗಿಸಿ ಬಂದಳು. ಬಂದವಳೇ ಸೆರಗಿನ ಗಂಟು ಬಿಚ್ಚಿ ಮೊಟ್ಟೆ ತೆಗೆದು ಎರಡು ವರ್ಷದ ಮಗನ ಕೈಗಿಟ್ಟಳು. ಟೀಚರಮ್ಮನ ಕಣ್ಣು ತಪ್ಪಿಸಿ ತಂದದ್ದು. ನಾನು ಬೈದೆ. ‘ಅಣ್ಣಾ, ಹುಡುಗ ಬಾಗಲದಾಗ ಕಾಯ್ಕೋಂತ ಕುಂತಿರ್ತೈತಿ. ನಾ ಒಬ್ಬಾಕೀನ ಹ್ಯಾಂಗ ತಿನ್ಲಿ?’ ಅಂದಳು. ನನಗೆ ಉತ್ತರ ಹೊಳೆಯಲಿಲ್ಲ. ಅದೇ ಅಂಗಳದಲ್ಲಿ ಅವಳ ಗಂಡ ಬೈಕ್ ಒರೆಸುತ್ತಿದ್ದ. ಸಂತೆಯಲ್ಲಿ ಒಂದು ಡಜನ್ ಮೊಟ್ಟೆ ತರಲಾರದಷ್ಟು ಬಡತನ ಆ ಮನೆಯಲ್ಲಿರಲಿಲ್ಲ. ತರಬೇಕು ಅಂತ ಅವನಿಗೆ ಅನ್ನಿಸಿರಲಿಲ್ಲ, ಅಷ್ಟೇ.

‘ತಾಯಿ ಪ್ರೀತಿಗೂ ಲೆಕ್ಕ ಹಾಕ್ತೀಯಾ?’ ಅಂತ ಕೆಲವರು ಕೇಳಬಹುದು. ಪ್ರೀತಿಗೆ ಲೆಕ್ಕ ಬೇಡ. ರೊಟ್ಟಿಗೆ ಬೇಕು. ರೇಷನ್ ಕಾರ್ಡಿನಲ್ಲಿ ಮನೆಯ ಯಜಮಾನಿ ಅವಳೇ, 2013ರ ಆಹಾರ ಭದ್ರತಾ ಕಾಯ್ದೆಯೇ ಹಾಗೆ ಹೇಳಿದೆ. ಗೃಹಲಕ್ಷ್ಮಿಯ 2,000 ರೂಪಾಯಿ ಬೀಳುವುದೂ ಅವಳ ಖಾತೆಗೇ. ಆ ದುಡ್ಡು ಸಂಘದ ಕಂತಿಗೆ, ಮಕ್ಕಳ ಫೀಜಿಗೆ ಹೋಗುತ್ತದೆ. ಅದರಲ್ಲಿ ತನಗೆ ಅಂತ ಒಂದು ಕೊಳಗ ಕಡಲೆ ಕೊಂಡವಳನ್ನು ನಾನಂತೂ ನೋಡಿಲ್ಲ.

ಹೋದ ತಿಂಗಳು ಊರಿಗೆ ಹೋದಾಗ ಅವ್ವನನ್ನು ಜುಲುಮೆ ಮಾಡಿ ಪಿಎಚ್‌ಸಿಗೆ ಕರೆದುಕೊಂಡು ಹೋದೆ. 8.6 ಬಂತು. ಗುಳಿಗೆ ಕೊಟ್ಟರು. ಈಗ ಮನೆಯಲ್ಲಿ ಜೋಳಕ್ಕೆ ಕೊರತೆಯಿಲ್ಲ, ರೊಟ್ಟಿ ಬುಟ್ಟಿ ತುಂಬಿರುತ್ತದೆ. ರಾತ್ರಿ ‘ನೀನೂ ನನ್ನ ಜೊತೀಗೆ ಕೂಡಬೇ’ ಅಂದೆ. ‘ನೀ ಉಂಡ ಏಳು ಮೊದಲ’ ಅಂದಳು. ನಾನು ಏಳಲಿಲ್ಲ, ತಾಟು ಮುಂದಿಟ್ಟುಕೊಂಡು ಸುಮ್ಮನೆ ಕೂತೆ. ಕೊನೆಗೆ ಗೊಣಗುತ್ತಲೇ ಬಂದು ಕೂತಳು. ಎರಡು ರೊಟ್ಟಿ ಹಾಕಿಕೊಂಡಳು. ಒಂದು ತಿಂದಳು. ಇನ್ನೊಂದನ್ನು ನಾನು ನೀರು ಕುಡಿಯಲು ಅತ್ತ ತಿರುಗಿದಾಗ ಮೊಮ್ಮಗನ ತಾಟಿಗೆ ಸರಿಸಿದಳು.