ನಾಡಹಬ್ಬ: ಯಾರ ನಾಡು, ಯಾರ ಹಬ್ಬ?



2025ರ ಸೆಪ್ಟೆಂಬರ್ 22ರಂದು ಚಾಮುಂಡಿ ಬೆಟ್ಟದಲ್ಲಿ ಬಾನು ಮುಷ್ತಾಕ್ ದಸರಾ ಉದ್ಘಾಟಿಸಿದರು. ಅವತ್ತು ಸಂಜೆ ಮೈಸೂರು ಅರಮನೆಯ ಸುಮಾರು ಒಂದು ಲಕ್ಷ ಬಲ್ಬು ಹೊತ್ತಿಕೊಂಡವು. ಊರು ಮಾತ್ರ ಎರಡು ಮಾತಾಡಿತು. ಬೂಕರ್ ಗೆದ್ದ ಕನ್ನಡತಿ ಅಂತ ಕೆಲವರು ಹಿಗ್ಗಿದರು. ಸಂಪ್ರದಾಯ ಕೆಟ್ಟಿತು ಅಂತ ಕೆಲವರು ಕುದ್ದರು. ಹಬ್ಬಕ್ಕೆ ಮೊದಲೇ ಹೈಕೋರ್ಟು, ಸುಪ್ರೀಂ ಕೋರ್ಟು ಎಲ್ಲಾ ಆಗಿತ್ತು. ಎರಡು ಕಡೆಯೂ ಅರ್ಜಿ ವಜಾ. 2017ರಲ್ಲಿ ನಿಸಾರ್ ಅಹಮದ್ ಉದ್ಘಾಟಿಸಿದಾಗ ಕೆಡದ ಸಂಪ್ರದಾಯ ಈಗ ಕೆಟ್ಟಿತೇ ಸ್ವಾಮಿ?

‘ಇದು ಸಾಬರಿಗೂ ಅವರಿಗೂ ಜಗಳ, ನಮಗ್ಯಾಕೆ’ ಅನ್ನೋರು ನಮ್ಮ ಕೇರಿಗಳಲ್ಲೂ ಇದ್ದಾರೆ. ಅವರು ಕಿವಿಗೊಟ್ಟು ಕೇಳಲಿ. ಈ ಗಲಾಟೆಯಲ್ಲೇ ಒಬ್ಬ ಶಾಸಕರು ಚಾಮುಂಡಿಗೆ ಹೂ ಮುಡಿಸುವ ಅಧಿಕಾರ ದಲಿತ ಹೆಣ್ಣಿಗೂ ಇಲ್ಲ ಅಂದುಬಿಟ್ಟರು. ಪೊಲೀಸು ಕೇಸೂ ಆಯಿತು. ಮುಸ್ಲಿಂ ಹೆಣ್ಣುಮಗಳಿಗೆ ಎತ್ತಿದ ದೊಣ್ಣೆ ನಮ್ಮ ತಲೆ ಮೇಲೆ ಬಿತ್ತಲ್ಲ, ಕೈ ತಪ್ಪಿ ಬಿದ್ದದ್ದೇ? ಅದು ಹಳೇ ದೊಣ್ಣೆ, ನಮ್ಮ ತಲೆಯ ಗುರುತು ಅದಕ್ಕೆ ಚೆನ್ನಾಗಿದೆ.

ಚಪ್ಪಾಳೆ ತಟ್ಟಿದ ಪ್ರಗತಿಪರರಿಗೂ ಒಂದು ಮಾತಿದೆ. ನೀವು ಭಾಷಣ ಕೇಳಿ ಮನೆಗೆ ಹೋದ ಮೇಲೆ ಅರಮನೆ ಸುತ್ತಿನ ಬೀದಿ ಗುಡಿಸಿದವರು ಯಾರು? 2016ರಲ್ಲಿ ಈ ಊರಿಗೆ ದೇಶದ ಅತಿ ಸ್ವಚ್ಛ ನಗರ ಅನ್ನೋ ಬಿರುದು ಬಂತು. ಬಿರುದು ಊರಿಗೆ, ಪೊರಕೆ ನಮಗೆ! ಖಜಾನೆ ದುಡ್ಡಿನಲ್ಲಿ ನಡೆಯೋ ಹಬ್ಬ ಇದು, ಯಾರಪ್ಪನ ಮನೆಯ ಪೂಜೆಯೂ ಅಲ್ಲ. ಸರ್ಕಾರ ಮುಂದಿನ ಉದ್ಘಾಟನೆಗೆ ಪೊರಕೆ ಹಿಡಿದ ಆ ತಾಯಂದಿರಲ್ಲಿ ಒಬ್ಬರನ್ನು ಕರೆಯಲಿ. ಆಗ ಯಾರ್ಯಾರು ಕೋರ್ಟಿಗೆ ಓಡ್ತಾರೆ, ನೋಡೋಣ.