ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕೆ ಮೊದಲೇ ದಾರಿ ಹೇಳಿ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರದಲ್ಲಿ ಹಲಸೂರಿನಲ್ಲೋ ಶಿವಾಜಿನಗರದಲ್ಲೋ ಒಂದು ಪಿಯು ಕಾಲೇಜಿನ ಕೌಂಟರ್ ಮುಂದೆ ಹತ್ತು ನಿಮಿಷ ನಿಂತು ನೋಡಬೇಕು. ಅರ್ಜಿಯಲ್ಲಿ ಹೆಸರು, ವಿಳಾಸ, ಆಧಾರ್ ನಂಬರ್ ಎಲ್ಲ ಸರಾಗವಾಗಿ ತುಂಬಿಕೊಳ್ಳುತ್ತವೆ. ‘ಕಾಂಬಿನೇಷನ್’ ಎಂಬ ಕಾಲಂ ಬಂದ ಕೂಡಲೇ ಪೆನ್ನು ನಿಲ್ಲುತ್ತದೆ. ಪಿಸಿಎಂಬಿ, ಪಿಸಿಎಂಸಿ, ಸಿಇಬಿಎ, ಎಚ್‌ಇಪಿಎಸ್. ತಾಯಿ ಮಗಳ ಮುಖ ನೋಡುತ್ತಾರೆ, ಮಗಳು ಗೆಳತಿಗೆ ಫೋನ್ ಮಾಡುತ್ತಾಳೆ. ಹಿಂದೆ ನಿಂತವರು ಬೇಗ ಬೇಗ ಎನ್ನುತ್ತಾರೆ. ಗೆಳತಿ ಯಾವುದು ತೆಗೆದುಕೊಂಡಳೋ ಇವಳಿಗೂ ಅದೇ.

ಆ ನಾಲ್ಕು ಅಕ್ಷರಗಳ ಪರಿಣಾಮ ಸಣ್ಣದಲ್ಲ. ಗಣಿತ ಬಿಟ್ಟವರಿಗೆ ಎಂಜಿನಿಯರಿಂಗ್ ದಾರಿ ಕಷ್ಟವಾಗುತ್ತದೆ, ಜೀವವಿಜ್ಞಾನ ಬಿಟ್ಟವರಿಗೆ ವೈದ್ಯಕೀಯ ದೂರವಾಗುತ್ತದೆ. ಎಂಟನೇ ತರಗತಿಯಿಂದ ಮೂರು ವರ್ಷ ಆ ಹುಡುಗಿಯನ್ನು ದಿನವೂ ಕಂಡ ಶಿಕ್ಷಕಿಗೆ ಅವಳ ಒಲವು ಗೊತ್ತಿತ್ತು. ಆದರೆ ಅದನ್ನು ಕೂತು ಮಾತಾಡುವುದು ಅವರ ಕೆಲಸ ಎಂದು ಯಾರೂ ವಹಿಸಿರಲಿಲ್ಲ.

ಈ ಕೊರತೆ ಇಂದು ನಿನ್ನೆಯದಲ್ಲ. ಎ. ಲಕ್ಷ್ಮಣಸ್ವಾಮಿ ಮೊದಲಿಯಾರ್ ಅಧ್ಯಕ್ಷತೆಯ ಪ್ರೌಢ ಶಿಕ್ಷಣ ಆಯೋಗ 1953ರಲ್ಲೇ, ತರಬೇತಿ ಪಡೆದ ಮಾರ್ಗದರ್ಶನಾಧಿಕಾರಿಗಳೂ ವೃತ್ತಿ ಮಾರ್ಗದರ್ಶಕ ಶಿಕ್ಷಕರೂ ಕ್ರಮೇಣ ಎಲ್ಲ ಶಿಕ್ಷಣ ಸಂಸ್ಥೆಗಳಿಗೂ ಸಿಗಬೇಕು ಎಂದಿತ್ತು. ಬೇರೆ ಬೇರೆ ಉದ್ಯಮಗಳಲ್ಲಿ ಕೆಲಸ ಹೇಗೆ ನಡೆಯುತ್ತದೆ ಎಂದು ಮಕ್ಕಳಿಗೆ ಚಲನಚಿತ್ರ ತೋರಿಸಬೇಕು, ಅಲ್ಲಿಗೇ ಕರೆದೊಯ್ಯಲೂ ಬೇಕು ಎಂದೂ ಹೇಳಿತ್ತು. ಎಪ್ಪತ್ತು ವರ್ಷ ಕಳೆದರೂ ಸರ್ಕಾರಿ ಶಾಲೆಯ ಮಗುವಿಗೆ ಕಾಂಬಿನೇಷನ್ ಹೇಳುವುದು ಗೆಳತಿಯೇ.

ಬೆಂಗಳೂರಿನ ಪೂರ್ವ ಭಾಗದಲ್ಲಿ ಆ ಕೆಲಸವನ್ನು ಒಂದು ಕಾಲಕ್ಕೆ ಕಾರ್ಖಾನೆಗಳು ಮಾಡುತ್ತಿದ್ದವು. 1940ರಲ್ಲಿ ಎಚ್‌ಎಎಲ್ ಬಂತು, 1948ರಲ್ಲಿ ದೂರವಾಣಿನಗರದಲ್ಲಿ ಟೆಲಿಫೋನ್ ಕಾರ್ಖಾನೆ, ಆಮೇಲೆ ಬೈಯಪ್ಪನಹಳ್ಳಿಯಲ್ಲಿ ಎನ್‌ಜಿಇಎಫ್. ಬೀದಿಗೊಬ್ಬರು ಫಿಟ್ಟರ್, ಟರ್ನರ್, ಸೂಪರ್‌ವೈಸರ್ ಇರುತ್ತಿದ್ದರು. ಯಾವ ಟ್ರೇಡಿಗೆ ಸೇರಬೇಕು, ಅಪ್ರೆಂಟಿಸ್ ಅರ್ಜಿ ಯಾವಾಗ ಬರುತ್ತದೆ ಎಂಬುದು ಪಕ್ಕದ ಮನೆಯ ಜಗಲಿಯಲ್ಲೇ ತಿಳಿಯುತ್ತಿತ್ತು. ಎನ್‌ಜಿಇಎಫ್ ಬಾಗಿಲು ಮುಚ್ಚಿ ಎರಡು ದಶಕ ದಾಟಿದೆ, ಟೆಲಿಫೋನ್ ಕಾರ್ಖಾನೆ ಕುಗ್ಗಿದೆ. ಅವುಗಳ ಸುತ್ತಮುತ್ತ ಎದ್ದ ಗಾಜಿನ ಕಟ್ಟಡಗಳೊಳಗೆ ಏನು ಕೆಲಸ ನಡೆಯುತ್ತದೆಂದು ಕೆ.ಆರ್.ಪುರದ ಹುಡುಗನಿಗೆ ಹೇಳುವ ನೆರೆಯವರು ಈಗ ಕಡಿಮೆ.

ತಿಳಿಯದಿರುವುದರಿಂದ ಆಗುವ ನಷ್ಟಕ್ಕೆ ಒಂದು ಲೆಕ್ಕ ನೋಡಿ. ಪಿಯುಸಿ ಎರಡು ವರ್ಷ, ಬಿಇ ನಾಲ್ಕು: ಒಟ್ಟು ಆರು. ಎಸ್ಸೆಸ್ಸೆಲ್ಸಿ ಮುಗಿಸಿ ಪಾಲಿಟೆಕ್ನಿಕ್ ಸೇರಿದರೆ ಡಿಪ್ಲೊಮಾ ಮೂರು ವರ್ಷ. ಡಿಸಿಇಟಿ ಬರೆದು ಬಿಇ ಎರಡನೇ ವರ್ಷಕ್ಕೆ ನೇರ ಪ್ರವೇಶ ಪಡೆದರೆ ಇನ್ನು ಮೂರು. ಅಲ್ಲಿಗೂ ಆರೇ. ಎರಡು ವರ್ಷದ ಐಟಿಐ ಮುಗಿಸಿದವರೂ ಡಿಪ್ಲೊಮಾ ಎರಡನೇ ವರ್ಷಕ್ಕೆ ಸೇರಬಹುದು. ಹಾಗೆ ಬಂದವರಿಗೆ ಬಿಇ ಮುಗಿಯುವುದು ಏಳು ವರ್ಷಕ್ಕೆ, ಒಂದೇ ವರ್ಷ ಹೆಚ್ಚು. ನಡುವೆ ಮನೆಯಲ್ಲಿ ಕಷ್ಟ ಬಂದು ಓದು ನಿಂತರೂ ಕೈಯಲ್ಲಿ ಒಂದು ಕಸುಬು, ಒಂದು ಸರ್ಟಿಫಿಕೇಟ್ ಉಳಿದಿರುತ್ತದೆ. ಕಡಿಮೆ ಅಂಕಕ್ಕೆ ಪಾಸಾದವರ ಪಾಲಿಗೆ ಐಟಿಐ ಎಂದು ಮೂಗು ಮುರಿಯುವ ಪೋಷಕರಿಗೆ ಈ ಲೆಕ್ಕವನ್ನು ಯಾರಾದರೂ ಕಾಗದದ ಮೇಲೆ ಬರೆದು ತೋರಿಸಬೇಕು. ಅವರು ದಿನವೂ ಹತ್ತುವ ನಮ್ಮ ಮೆಟ್ರೊ ರೈಲನ್ನು ಡಿಪೊದಲ್ಲಿ ಸುಸ್ಥಿತಿಯಲ್ಲಿಡುವವರಲ್ಲಿ ಐಟಿಐ ಓದಿದವರಿದ್ದಾರೆ.

ಶಿವಾಜಿನಗರದ ಗುಜರಿ ಸಾಲಿನಲ್ಲಿ ಹದಿನೈದು ವರ್ಷದ ಹುಡುಗ ಶಾಲೆ ಬಿಟ್ಟ ಮೇಲೆ ಅಪ್ಪನ ಅಂಗಡಿಯಲ್ಲಿ ಕೂತು ಗೇರ್‌ಬಾಕ್ಸ್ ಬಿಚ್ಚುತ್ತಾನೆ. ಯಾವ ಹಲ್ಲು ಸವೆದಿದೆ ಎಂದು ಬೆರಳಲ್ಲೇ ಹೇಳುತ್ತಾನೆ. ಮೋಟಾರು ವಾಹನ ಮೆಕ್ಯಾನಿಕ್ ಎಂಬ ಎರಡು ವರ್ಷದ ಐಟಿಐ ಟ್ರೇಡ್ ಅವನಿಗೆಂದೇ ಮಾಡಿದಂತಿದೆ. ಗಣಿತದಲ್ಲಿ ನಪಾಸಾದರೆ ಅವನ ಓದು ಅಲ್ಲಿಗೆ ಮುಗಿಯಿತೆಂದು ಮನೆಯವರು ತೀರ್ಮಾನಿಸಿಬಿಡುತ್ತಾರೆ. ಎಸ್ಸೆಸ್ಸೆಲ್ಸಿಗೆ 2024ರಿಂದ ಪರೀಕ್ಷೆ-1ರ ಬೆನ್ನಿಗೇ ಪರೀಕ್ಷೆ-2 ಬಂದಿದೆ. ವರ್ಷ ಹಾಳಾಗಬೇಕಿಲ್ಲ. ಇದನ್ನು ಫಲಿತಾಂಶದ ದಿನ, ಮನೆಯಲ್ಲಿ ಅಳು ಎದ್ದ ಹೊತ್ತಿನಲ್ಲಿ ಹೇಳಿದರೆ ಯಾರ ಕಿವಿಗೂ ಬೀಳದು.

ಕಾಗದಪತ್ರಗಳ ಪಾಡೂ ಇದೇ. ಸಿಇಟಿ ಅರ್ಜಿಯಲ್ಲಿ ಮೀಸಲಾತಿ ಕೇಳಲು ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಬೇಕು. ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5ರ ಮೀಸಲು ಇದೆ, ಅದಕ್ಕೆ ಬಿಇಒ ರುಜುವಿನ ವ್ಯಾಸಂಗ ಪ್ರಮಾಣಪತ್ರ ಬೇಕು. ಆಧಾರ್‌ನಲ್ಲಿ ಒಂದು ಹೆಸರು, ಅಂಕಪಟ್ಟಿಯಲ್ಲಿ ಇನ್ನೊಂದು ಇದ್ದರೆ ವಿದ್ಯಾರ್ಥಿವೇತನ ತಡೆಯುತ್ತದೆ. ಇವೆಲ್ಲ ಒಂಬತ್ತನೇ ತರಗತಿಯಲ್ಲೇ ಸರಿಪಡಿಸಬಹುದಾದವು. ಕೊನೆಯ ವಾರಕ್ಕೆ ಉಳಿಸಿಕೊಂಡ ದಿನಗೂಲಿ ತಾಯಿ ಕೂಲಿ ಬಿಟ್ಟು ನಾಡಕಚೇರಿಗೆ ಅಲೆಯುತ್ತಾರೆ.

ಆಗಬೇಕಾದ್ದು ದೊಡ್ಡ ಯೋಜನೆಯೇನಲ್ಲ. ಪ್ರತಿ ಸರ್ಕಾರಿ, ಅನುದಾನಿತ ಪ್ರೌಢಶಾಲೆಯಲ್ಲಿ ಒಬ್ಬ ಶಿಕ್ಷಕರಿಗೆ ಮಕ್ಕಳಿಗೆ ದಾರಿ ಹೇಳುವ ಹೊಣೆಯನ್ನು ಲಿಖಿತವಾಗಿ ಕೊಡಬೇಕು. ತರಬೇತಿ ಕೊಟ್ಟು, ಬೇರೆ ಕೆಲಸದ ಹೊರೆ ಅಷ್ಟು ಇಳಿಸಬೇಕು. ಒಂಬತ್ತನೇ ತರಗತಿಯಲ್ಲೇ ಪೋಷಕರನ್ನು ಕೂರಿಸಿಕೊಂಡು ಮಾತಾಡಬೇಕು. ಶಿವಾಜಿನಗರದಲ್ಲಿ ಉರ್ದು, ಹಲಸೂರಿನಲ್ಲಿ ತಮಿಳು ಆಡುವ ತಾಯಂದಿರಿದ್ದಾರೆ, ಮಾಹಿತಿ ಅವರ ಮಾತಿನಲ್ಲೂ ತಲುಪಬೇಕು. ಬೈಯಪ್ಪನಹಳ್ಳಿ–ಕೆ.ಆರ್.ಪುರ ನಡುವಿನ ಕೊಂಡಿ 2023ರ ಅಕ್ಟೋಬರ್‌ನಲ್ಲಿ ಕೂಡಿಕೊಂಡ ಮೇಲೆ ಹಲಸೂರಿನಿಂದ ವೈಟ್‌ಫೀಲ್ಡ್‌ಗೆ ಒಂದೇ ಮೆಟ್ರೊ. ಆಸ್ಪತ್ರೆ, ಟೆಕ್ ಪಾರ್ಕ್, ಮೆಟ್ರೊ ಡಿಪೊ ತೋರಿಸಲು ಶಾಲೆಗೆ ಒಂದು ದಿನ ಸಾಕು.

ಕಂಪನಿಗಳೂ ಕೈಜೋಡಿಸಲಿ. ಅಪ್ರೆಂಟಿಸ್ ಕಾಯ್ದೆ ಬಂದದ್ದು 1961ರಲ್ಲಿ. ಮೂವತ್ತು ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆ ಸಿಬ್ಬಂದಿಯ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕೆಂದು ಅದರ ನಿಯಮ ಹೇಳುತ್ತದೆ. ಇಂದಿರಾನಗರದ ದೊಡ್ಡ ಹೋಟೆಲು, ಆಸ್ಪತ್ರೆಗಳಿಗೂ ಇದು ಅನ್ವಯಿಸುತ್ತದೆ. ಆ ಅವಕಾಶಗಳ ಪಟ್ಟಿ ಪಕ್ಕದ ಶಾಲೆಯ ನೋಟಿಸ್ ಬೋರ್ಡಿಗೆ ಬರಲಿ.

ಎಚ್‌ಎಎಲ್‌ನಿಂದ ನಿವೃತ್ತರಾದವರು, ನರ್ಸ್‌ಗಳು, ಲೆಕ್ಕಪರಿಶೋಧಕರು, ಎಲೆಕ್ಟ್ರಿಷಿಯನ್‌ಗಳು ಈ ಭಾಗದಲ್ಲಿ ಬೇಕಾದಷ್ಟಿದ್ದಾರೆ. ಅವರಲ್ಲಿ ಒಂದು ಮನವಿ: ನವೆಂಬರ್‌ನ ಒಂದು ಶನಿವಾರ ನಿಮ್ಮ ಬೀದಿಯ ಹತ್ತಿರದ ಸರ್ಕಾರಿ ಪ್ರೌಢಶಾಲೆಗೆ ಹೋಗಿ. ಮುಖ್ಯಶಿಕ್ಷಕರನ್ನು ಕಂಡು ಒಂದು ತರಗತಿಯ ಸಮಯ ಕೇಳಿ. ನೀವು ಏನು ಓದಿದಿರಿ, ಎಲ್ಲಿ ಎಡವಿದಿರಿ, ಮೊದಲ ಸಂಬಳ ಎಷ್ಟಿತ್ತು ಎಂದು ಮಕ್ಕಳಿಗೆ ಹೇಳಿ, ಅವರ ಪ್ರಶ್ನೆಗಳಿಗೆ ಉತ್ತರಿಸಿ ಬನ್ನಿ.